ಜಯನಗರದ ಒಂದು ಮಕ್ಕಳ ದಂತ ಚಿಕಿತ್ಸಾಲಯ: ಅಜ್ಜಿಗೆ ತಲುಪಿದ ಮಾತು, ತಲುಪದ ಕಾಗದ

ಮಗಳ ಹಲ್ಲಿನ ಚಿಕಿತ್ಸೆಗಾಗಿ ಕಳೆದ 14 ತಿಂಗಳಲ್ಲಿ ನಾವು ಬೆಂಗಳೂರಿನ ಜಯನಗರದ ಒಂದು ಮಕ್ಕಳ ದಂತ ಚಿಕಿತ್ಸಾಲಯಕ್ಕೆ ಏಳು ಬಾರಿ ಹೋಗಿಬಂದಿದ್ದೇವೆ. ಮೆಚ್ಚುಗೆಯ ಜೊತೆಗೆ ಒಂದು ಗಟ್ಟಿಯಾದ ದೂರೂ ಇರುವುದರಿಂದ, ಮತ್ತು ಆ ದೂರು ಇದೊಂದೇ ಜಾಗಕ್ಕೆ ಸೀಮಿತವಾದದ್ದೆಂದು ನನಗೆ ಅನ್ನಿಸದಿರುವುದರಿಂದ, ಹೆಸರನ್ನು ಬಿಟ್ಟು ಬರೆಯುತ್ತಿದ್ದೇನೆ. ಮಕ್ಕಳ ದಂತ ಚಿಕಿತ್ಸಾಲಯವೆಂದರೆ ಗೋಡೆಯ ತುಂಬ ಚಿತ್ರ, ಮೂಲೆಯಲ್ಲಿ ಜಾರುಬಂಡೆ, ಕುರ್ಚಿಯ ಮೇಲ್ಗಡೆ ಕಾರ್ಟೂನ್ ಓಡುವ ಟಿವಿ ಎಂದು ಅನೇಕರು ತಿಳಿದಿದ್ದಾರೆ. ಇಲ್ಲಿಯೂ ಅವೆಲ್ಲ ಇವೆ. ಆದರೆ ನಾನು ಅಳೆಯುವುದು ಬೇರೆಯೇ ಒಂದು ಕೋಲಿನಿಂದ. ಮನೆಯಲ್ಲಿ ಮಗುವಿಗೆ ಉಣಿಸುವವರು, ಹಲ್ಲುಜ್ಜಿಸುವವರು, ಮಲಗಿಸುವವರು ಯಾರೋ ಅವರಿಗೆ ವೈದ್ಯರ ಮಾತು ತಲುಪಿತೇ, ಇಲ್ಲವೇ ಎಂಬುದು ಆ ಅಳತೆ. ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ನಮ್ಮ ಮನೆಯಲ್ಲಿ ಅದು ನನ್ನ ಅತ್ತೆ.

ಮಗಳಿಗೆ ಮೂರೂವರೆ ವರ್ಷವಾಗಿದ್ದಾಗ ಮೇಲಿನ ನಾಲ್ಕು ಮುಂದಿನ ಹಲ್ಲುಗಳಲ್ಲಿ, ವಸಡಿನ ಅಂಚಿಗೆ ಸೇರಿದಂತೆ, ಸುಣ್ಣ ಬಳಿದ ಹಾಗೆ ಬಿಳಿ ಗೆರೆಯೊಂದು ಕಾಣಿಸಿತು. ಕೆಲವೇ ವಾರಗಳಲ್ಲಿ ಅದು ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿತು. ಮನೆಯ ಹತ್ತಿರದ, ದೊಡ್ಡವರಿಗೂ ಮಕ್ಕಳಿಗೂ ನೋಡುವ ಒಂದು ಸಾಮಾನ್ಯ ದಂತ ಚಿಕಿತ್ಸಾಲಯದಲ್ಲಿ ತೋರಿಸಿದಾಗ, "ಹಾಲುಹಲ್ಲು ತಾನೇ, ಹೇಗಿದ್ರೂ ಬಿದ್ದುಹೋಗುತ್ತೆ ಬಿಡಿ" ಎಂದರು. ನಮಗೂ ಅದೇ ಬೇಕಾಗಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯನ್ನು ನೆನೆದರೆ ಈಗ ನಗು ಬರುತ್ತದೆ, ಏಕೆಂದರೆ ನಮ್ಮ ಮಗಳ ಪಾಲಿಗೆ ಮುಳುವಾಗಿದ್ದೇ ಆ ಹಾಲು. ಮೂರು ವರ್ಷ ದಾಟಿದರೂ ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಚೀಪುತ್ತಲೇ ನಿದ್ದೆಹೋಗುವ ಅಭ್ಯಾಸ ಅವಳಿಗಿತ್ತು. ಐದು ತಿಂಗಳ ನಂತರ, 2024ರ ನವೆಂಬರಿನ ಒಂದು ರಾತ್ರಿ ಎರಡು ಗಂಟೆಗೆ, ಕೆಳಗಿನ ಬಲದವಡೆಯನ್ನು ಹಿಡಿದುಕೊಂಡು ಅವಳು ಅಳಲಾರಂಭಿಸಿದಾಗ ಮಾತ್ರ ನಾವು ನಿಜವಾಗಿ ಎಚ್ಚರಗೊಂಡೆವು.

ಜಯನಗರಕ್ಕೆ ಹೋದದ್ದು ಅದರ ಮೂರನೆಯ ದಿನ. ಇಲ್ಲಿನ ವೈದ್ಯೆ ಮಕ್ಕಳ ದಂತಚಿಕಿತ್ಸೆಯಲ್ಲಿಯೇ ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿ ಮಾಡಿದವರು. ದಂತವೈದ್ಯರ ಮೊದಲ ಪದವಿಯಾದ ಬಿಡಿಎಸ್ ಮುಗಿಸಿದ ಮೇಲೆ ಮತ್ತೆ ಮೂರು ವರ್ಷ ಮಕ್ಕಳ ಬಾಯಿಯನ್ನಷ್ಟೇ ಓದುವ ಒಂದು ಶಾಖೆಯಿದೆ ಎಂಬುದು ನನಗೆ ಆವರೆಗೆ ತಿಳಿದಿರಲಿಲ್ಲ. ಆ ದಿನ ಅವರು ಬಾಯಿಯೊಳಗೆ ಹಾಕಿದ್ದು ಒಂದು ಪುಟ್ಟ ಕನ್ನಡಿಯನ್ನು ಮತ್ತು ಹೆಬ್ಬೆರಳಿನಷ್ಟು ಅಗಲದ ಎಕ್ಸ್‌-ರೇ ಪಟ್ಟಿಯನ್ನು ಮಾತ್ರ. ಕುರ್ಚಿಯನ್ನು ಮೇಲೆ ಕೆಳಗೆ ಆಡಿಸಿ ತೋರಿಸಿದರು, ಗಾಳಿಯ ನಳಿಕೆಯನ್ನು ಅವಳ ಅಂಗೈಗೆ ಊದಿದರು, ನೀರಿನ ನಳಿಕೆಗೆ ಪಿಚಕಾರಿ ಎಂದು ಹೆಸರಿಟ್ಟರು, ಕನ್ನಡಿಯಲ್ಲಿ ಒಂದೊಂದೇ ಹಲ್ಲನ್ನು ಮುಟ್ಟುತ್ತ ಒಂದರಿಂದ ಇಪ್ಪತ್ತರವರೆಗೆ ಕನ್ನಡದಲ್ಲಿ ಎಣಿಸಿದರು. ಹದಿನಾರರ ನಂತರ ಮಗಳೂ ಬಾಯಿ ತೆರೆದುಕೊಂಡೇ ದನಿಗೂಡಿಸಿದಳು. ಮೊದಲು ಹೇಳುವುದು, ಆಮೇಲೆ ತೋರಿಸುವುದು, ಕೊನೆಗೆ ಮಾಡುವುದು ಎಂಬ ಈ ಕ್ರಮ ಮಕ್ಕಳ ದಂತವೈದ್ಯರು ದಶಕಗಳಿಂದ ಪಾಲಿಸಿಕೊಂಡು ಬಂದದ್ದೆಂದು ಅವರೇ ಹೇಳಿದರು. ನೋವಿಗೆ ಔಷಧಿ ಬರೆದು, ಚಿಕಿತ್ಸೆಯನ್ನು ಎರಡು ದಿನಗಳ ನಂತರಕ್ಕೆ ಇಟ್ಟುಕೊಂಡರು. ಅಷ್ಟು ದೂರ ಬಂದೂ ಏನೂ ಮಾಡಿಸದೆ ಹೋಗುತ್ತಿದ್ದೇವಲ್ಲ ಎಂದು ಆ ದಿನ ನನಗೆ ಅಸಮಾಧಾನವಾಗಿತ್ತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಎರಡನೆಯ ಭೇಟಿಯಲ್ಲಿ ಅವಳು ಯಾರೂ ಎತ್ತಿಕೊಳ್ಳದೆ ತಾನೇ ಕುರ್ಚಿ ಹತ್ತಿ ಕುಳಿತಾಗ ಆ ಅಸಮಾಧಾನ ಹೋಯಿತು.

ಎಕ್ಸ್‌-ರೇ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ವಿವರಿಸಿದ ಹತ್ತು ನಿಮಿಷಗಳು ಈ ಚಿಕಿತ್ಸಾಲಯದಲ್ಲಿ ನಾವು ಕಳೆದ ಅತ್ಯಂತ ಬೆಲೆಯುಳ್ಳ ಸಮಯ. ಹಾಲುಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ದೊಡ್ಡವರ ಹಲ್ಲಿನದಕ್ಕಿಂತ ತೆಳುವಾಗಿರುವುದರಿಂದ ಹುಳುಕು ಬೇಗ ನರದವರೆಗೆ ಇಳಿಯುತ್ತದೆ. ಮುಂದಿನ ಹಲ್ಲುಗಳು ಆರು ಏಳು ವರ್ಷಕ್ಕೆ ಬೀಳುತ್ತವೆಯಾದರೂ ಹಿಂದಿನ ದವಡೆ ಹಾಲುಹಲ್ಲುಗಳು ಸುಮಾರು 9ರಿಂದ 12 ವರ್ಷದವರೆಗೆ ಬಾಯಲ್ಲಿ ಇರಬೇಕಾದವು. ಅಂದರೆ "ಬಿದ್ದುಹೋಗುತ್ತೆ ಬಿಡಿ" ಎಂಬ ಹಲ್ಲಿನಲ್ಲಿ ಮಗಳು ಇನ್ನೂ ಐದಾರು ವರ್ಷ ಊಟ ಮಾಡಬೇಕಿತ್ತು. ಅದನ್ನು ಕಿತ್ತು ಹಾಕಿದರೆ ಅಕ್ಕಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲಿ, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಮೇಲೆ ಬರಲು ದಾರಿ ಇಲ್ಲದಂತಾಗುತ್ತದೆ. ಆ ಶಾಶ್ವತ ಹಲ್ಲಿನ ಮೊಗ್ಗನ್ನೂ ಅವರು ಚಿತ್ರದಲ್ಲಿ ತೋರಿಸಿದರು. ಹಾಲುಹಲ್ಲಿನ ಎರಡು ಬೇರುಗಳ ನಡುವೆ, ಮೊಟ್ಟೆಯನ್ನು ಕವಚಿಕೊಂಡ ಕೋಳಿಯ ರೆಕ್ಕೆಯ ಕೆಳಗೆಂಬಂತೆ, ಅದು ಕುಳಿತಿತ್ತು. ಮೇಲಿನ ಮುಂದಿನ ಹಲ್ಲುಗಳೇ ಏಕೆ ಹಾಳಾದವೆಂಬುದಕ್ಕೂ ಉತ್ತರ ಸಿಕ್ಕಿತು. ನಿದ್ದೆಯಲ್ಲಿ ಜೊಲ್ಲು ಒಸರುವುದು ತೀರ ಕಡಿಮೆಯಾಗುತ್ತದೆ, ಬಾಟಲಿಯ ಹಾಲು ಮೇಲಿನ ಹಲ್ಲುಗಳ ಸುತ್ತ ನಿಲ್ಲುತ್ತದೆ, ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡು ಕಾಪಾಡುತ್ತದೆ. ಸಕ್ಕರೆಯನ್ನು ತಿಂದ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತವೆ. ಹಲ್ಲಿನ ಮೇಲ್ಮೈಯ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ ಕರಗತೊಡಗುತ್ತದೆ. ಹಲ್ಲಿಗೆ ಹುಳು ಹತ್ತಿದೆ ಎಂದು ಅಷ್ಟು ಕಾಲ ಹೇಳುತ್ತ ಬಂದಿದ್ದ ನಮ್ಮತ್ತೆ ಪರದೆಯನ್ನು ನೋಡಿ, "ಹಾಗಾದ್ರೆ ಹುಳ ಎಲ್ಲೂ ಇಲ್ವಾ?" ಎಂದು ಕೇಳಿದರು. ವೈದ್ಯೆ ನಗಲಿಲ್ಲ. "ಇದೆಯಮ್ಮ, ಕಣ್ಣಿಗೆ ಕಾಣದಷ್ಟು ಸಣ್ಣದು, ಕೊರೆಯೋದಿಲ್ಲ, ಹುಳಿ ಕಾರುತ್ತೆ" ಎಂದರು.

ನಿಜವಾದ ಪರೀಕ್ಷೆ ಬಂದದ್ದು, ಹಲ್ಲನ್ನು ಗಟ್ಟಿಮಾಡಲು ಪೇಸ್ಟಿಗೆ ಸೇರಿಸುವ ಫ್ಲೋರೈಡಿನ ಮಾತು ಬಂದಾಗ. ನಮ್ಮತ್ತೆಯ ತವರು ಪಾವಗಡದ ಕಡೆಯ ಹಳ್ಳಿ. ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್ ಅಲ್ಲಿನವರಿಗೆ ಓದಿ ತಿಳಿಯಬೇಕಾದ ಸಂಗತಿಯಲ್ಲ. ಅತ್ತೆಯ ಮುಂದಿನ ಹಲ್ಲುಗಳ ಮೇಲೆ ಅದು ಕಂದು ಪಟ್ಟೆಗಳಾಗಿ ಕುಳಿತಿದೆ. ಮದುವೆಯ ಫೋಟೋದಲ್ಲಿ ಅವರು ಬಾಯಿ ಮುಚ್ಚಿಕೊಂಡೇ ನಗುತ್ತಿರುವುದಕ್ಕೆ ಅದೇ ಕಾರಣ. ಹಾಗಾಗಿ ಮೊಮ್ಮಗಳಿಗೆ ಫ್ಲೋರೈಡ್ ಇಲ್ಲದ ಪೇಸ್ಟನ್ನೇ ತರಬೇಕೆಂಬುದು ಅವರ ಕಟ್ಟಪ್ಪಣೆಯಾಗಿತ್ತು, ನಾನೂ ಅದನ್ನೇ ತರುತ್ತಿದ್ದೆ. ವೈದ್ಯೆ ಫ್ಲೋರೈಡ್ ಪೇಸ್ಟ್ ಬಳಸಿ ಎಂದಾಗ ಅತ್ತೆ ತಮ್ಮ ಹಲ್ಲನ್ನು ತೋರಿಸಿ, "ನಮ್ಮೂರ ನೀರಲ್ಲಿದ್ದದ್ದೂ ಅದೇ ಅಲ್ವಾ ಡಾಕ್ಟ್ರೇ? ಪುಕ್ಕಟೆ ಬಂದದ್ದೇ ಸಾಕಾಗಿತ್ತು, ಈಗ ದುಡ್ಡು ಕೊಟ್ಟು ಹಾಕಿಸ್ಕೋಬೇಕಾ?" ಎಂದರು.

ಇಲ್ಲಿ ಅನೇಕ ವೈದ್ಯರು, ಹಳೆಯ ಕಾಲದವರು ಎಂದುಕೊಂಡು ನನ್ನ ಕಡೆಗೆ ತಿರುಗಿ ಮಾತು ಮುಂದುವರಿಸುತ್ತಿದ್ದರು. ಇವರು ಕುರ್ಚಿಯನ್ನು ಅತ್ತೆಯ ಕಡೆಗೆ ಎಳೆದುಕೊಂಡು ಕುಳಿತು ಲೆಕ್ಕ ಹೇಳಿದರು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಿಕೊಳ್ಳಬಹುದು ಎಂಬುದು ನಮ್ಮ ದೇಶದ ಮಾನದಂಡ. ಆ ಮೇಲ್ಮಿತಿಯ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ ಹೊಟ್ಟೆಗೆ ಹೋಗುವುದು 3 ಮಿಲಿಗ್ರಾಂ. ಮಿತಿ ಮೀರಿದ ನೀರಾದರೆ ಅದಕ್ಕಿಂತ ಹೆಚ್ಚು, ಅದೂ ಹುಟ್ಟಿದಂದಿನಿಂದ, ಪ್ರತಿದಿನ, ಅನ್ನದಲ್ಲೂ ಸಾರಿನಲ್ಲೂ. ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಹೀಗೆ ನುಂಗಿದ್ದರ ಫಲವೇ ಆ ಪಟ್ಟೆಗಳು. ಪೇಸ್ಟಿನದು ಬೇರೆ ದಾರಿ. ಅದು ಹುಟ್ಟಿಬಂದ ಹಲ್ಲಿಗೆ ಹೊರಗಿನಿಂದ ತಗುಲಿ, ಆಮ್ಲ ಕರಗಿಸಿದ ಜಾಗವನ್ನು ಮತ್ತೆ ಗಟ್ಟಿಮಾಡುತ್ತದೆ. 1000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 1000 ಪಾಲು ಫ್ಲೋರೈಡ್ ಇರುವ ಪೇಸ್ಟಿನ ಒಂದು ಗ್ರಾಂನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಬೇಕಾದದ್ದು ಒಂದು ಅಕ್ಕಿಕಾಳಿನಷ್ಟು, ಅಂದರೆ ಸುಮಾರು 0.1 ಗ್ರಾಂ, ಅಷ್ಟನ್ನೂ ನುಂಗಿದರೂ ಒಳಗೆ ಹೋಗುವುದು 0.1 ಮಿಲಿಗ್ರಾಂ. ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು, ಅದರಲ್ಲೂ ಹೆಚ್ಚಿನದು ಉಗುಳಿದಾಗ ಹೊರಗೆ ಹೋಗುತ್ತದೆ. "ನಿಮ್ಮ ಹೆದರಿಕೆ ಸುಳ್ಳಲ್ಲಮ್ಮ, ಅದಕ್ಕೇ ಪೇಸ್ಟನ್ನ ನೀವೇ ಹಚ್ಚಿ ಕೊಡಿ, ಟ್ಯೂಬನ್ನ ಮಗು ಕೈಗೆ ಕೊಡಬೇಡಿ" ಎಂದು ಅವರು ಮುಗಿಸಿದರು. ಉಪ್ಪು ಹೆಚ್ಚಾದ ಸಾರನ್ನು ಉಂಡು ಕೆಟ್ಟವರು ಉಪ್ಪನ್ನೇ ಬಿಡಬೇಕಿಲ್ಲ ಎಂದು ಅತ್ತೆ ಆ ಸಂಜೆ ನೆರೆಮನೆಯವರಿಗೆ ವಿವರಿಸುತ್ತಿದ್ದುದನ್ನು ಕೇಳಿದಾಗ, ಮಾತು ತಲುಪಿದೆ ಎಂಬುದು ನನಗೆ ಖಚಿತವಾಯಿತು.

ಚಿಕಿತ್ಸೆಗೆ ಬರುತ್ತೇನೆ. ನೋವಿದ್ದ ಹಲ್ಲಿನ ನರದವರೆಗೆ ಹುಳುಕು ಇಳಿದಿದ್ದರಿಂದ ಎರಡು ಭೇಟಿಗಳಲ್ಲಿ ರೂಟ್ ಕೆನಾಲ್ ಮಾದರಿಯ, ಕೆಟ್ಟ ನರವನ್ನು ತೆಗೆದು ಆ ಜಾಗವನ್ನು ತುಂಬುವ ಚಿಕಿತ್ಸೆ ನಡೆಯಿತು. ಹಾಲುಹಲ್ಲಿನ ಬೇರು ಮುಂದೆ ತಾನಾಗಿ ಕರಗಬೇಕಾದದ್ದರಿಂದ ಒಳಗೆ ತುಂಬುವ ವಸ್ತುವೂ ಅದರ ಜೊತೆಗೆ ಕರಗುವಂಥದ್ದೇ ಆಗಿರುತ್ತದೆ. ದೊಡ್ಡವರಿಗೆ ತುಂಬುವುದನ್ನು ಇಲ್ಲಿ ತುಂಬುವಂತಿಲ್ಲ. ಮೇಲೆ ಉಕ್ಕಿನ ಟೋಪಿ ಕೂರಿಸಿದರು, ಮಗಳು ಅದಕ್ಕೆ ಬೆಳ್ಳಿ ಹಲ್ಲು ಎಂದು ಹೆಸರಿಟ್ಟು ಶಾಲೆಯಲ್ಲಿ ಎಲ್ಲರಿಗೂ ತೋರಿಸಿಬಂದಳು. ಮೇಲಿನ ಎರಡು ದವಡೆ ಹಲ್ಲುಗಳಲ್ಲಿದ್ದ ಸಣ್ಣ ಹುಳುಕಿಗೆ ಕೊರೆಯದೆ, ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿದ ಈ ದ್ರವ ಹುಳುಕನ್ನು ನಿಲ್ಲಿಸುತ್ತದೆ, ಆದರೆ ಹುಳುಕಿದ್ದ ಜಾಗವನ್ನು ಇದ್ದಿಲಿನಂತೆ ಕಪ್ಪಾಗಿಸುತ್ತದೆ. ಹಚ್ಚುವ ಮೊದಲೇ ಕಪ್ಪಾದ ಹಲ್ಲಿನ ಫೋಟೋ ತೋರಿಸಿ, ಹೀಗಾಗುತ್ತದೆ, ಮತ್ತೆ ಬೆಳ್ಳಗಾಗುವುದಿಲ್ಲ, ಒಪ್ಪಿಗೆಯೇ ಎಂದು ಕೇಳಿದ್ದನ್ನು ನಾನು ವಿಶೇಷವಾಗಿ ಗುರುತಿಸುತ್ತೇನೆ. ಹಿಂದಿನ ಹಲ್ಲಾದ್ದರಿಂದ ಒಪ್ಪಿದೆವು. ಮುಂದಿನ ನಾಲ್ಕು ಹಲ್ಲುಗಳಿಗೆ ಅದನ್ನು ಬೇಡವೆಂದೆವು. ಅವುಗಳಿಗೆ ಮೂರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಷ್ ಎಂಬ ಲೇಪವನ್ನು ಬಳಿಯುತ್ತಿದ್ದಾರೆ, ಬಿಳಿ ಗೆರೆ ಈಗ ಗಟ್ಟಿಯಾಗಿ ಹೊಳಪು ಬಂದಿದೆ. ಕಂದು ಬಣ್ಣಕ್ಕೆ ತಿರುಗಿದ್ದ ಭಾಗ ಹಾಗೆಯೇ ಇದೆ, ಬೆಳೆದಿಲ್ಲ.

ಈಗ ದೂರಿಗೆ ಬರಬೇಕು. ರೂಟ್ ಕೆನಾಲ್ ನಡೆದ ದಿನ ನಾನು ಚಿಕಿತ್ಸಾಲಯದಿಂದ ನೇರವಾಗಿ ಕಚೇರಿಗೆ ಹೋದೆ. ಮಗಳನ್ನು ಮನೆಗೆ ಕರೆದುಕೊಂಡು ಹೋದದ್ದು ಅತ್ತೆ. ಹೊರಡುವಾಗ ಸ್ವಾಗತದ ಮೇಜಿನಲ್ಲಿದ್ದವರು ಅವರ ಕೈಗೆ ಬಣ್ಣಬಣ್ಣದ, ನುಣುಪಾದ ಕಾಗದವೊಂದನ್ನು ಕೊಟ್ಟು, "ಎಲ್ಲಾ ಇದರಲ್ಲಿದೆ" ಎಂದರಂತೆ. ಇದ್ದದ್ದು ನಿಜ, ಇಂಗ್ಲಿಷಿನಲ್ಲಿ. ನಮ್ಮತ್ತೆ ಕನ್ನಡದಲ್ಲಿ ಏಳನೆಯ ತರಗತಿಯವರೆಗೆ ಓದಿದವರು, ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುವವರು. ಜೋಮು ಹಿಡಿಸುವ ಚುಚ್ಚುಮದ್ದು ಕೊಟ್ಟ ಮೇಲೆ ಎರಡು ಮೂರು ಗಂಟೆ ಮಗುವಿಗೆ ಜಗಿಯುವಂಥದ್ದನ್ನು ಕೊಡಬಾರದು, ತುಟಿ ಕೆನ್ನೆಗಳಿಗೆ ಸ್ಪರ್ಶವೇ ತಿಳಿಯದಿರುವುದರಿಂದ ಅದು ಅವುಗಳನ್ನೇ ಕಚ್ಚಿಕೊಳ್ಳಬಹುದು, ಕಣ್ಣಿಟ್ಟಿರಬೇಕು ಎಂಬುದು ಆ ಕಾಗದದ ಎರಡನೆಯ ಸಾಲು. ಹಸಿದು ಬಂದ ಮೊಮ್ಮಗಳಿಗೆ ಅಜ್ಜಿ ಪ್ರೀತಿಯಿಂದ ಎರಡು ಚಕ್ಕುಲಿ ಕೊಟ್ಟರು. ಸಂಜೆ ನಾನು ಬರುವಷ್ಟರಲ್ಲಿ ಕೆಳತುಟಿಯ ಬಲಭಾಗ ನೇರಳೆ ಹಣ್ಣಿನಂತೆ ಊದಿಕೊಂಡಿತ್ತು; ಜೋಮು ಇಳಿದ ಮೇಲೆ ಶುರುವಾದ ಅಳು ರಾತ್ರಿಯವರೆಗೂ ನಿಲ್ಲಲಿಲ್ಲ. ಹಲ್ಲಿನ ಚಿಕಿತ್ಸೆಯಲ್ಲಿ ಒಂದು ಹನಿ ಕಣ್ಣೀರು ಹಾಕದ ಹುಡುಗಿ, ಓದಲಾಗದ ಒಂದು ಕಾಗದದ ದೆಸೆಯಿಂದ ಐದು ದಿನ ಗಂಜಿ ಕುಡಿದಳು. ಅದಕ್ಕಿಂತ ಹೆಚ್ಚಾಗಿ, ತಪ್ಪು ತನ್ನದೆಂದು ಅತ್ತೆ ಕೊರಗಿದ್ದನ್ನು ನನಗೆ ಸಹಿಸಲಾಗಲಿಲ್ಲ.

ಮಾರನೆಯ ದಿನ ಫೋನ್ ಮಾಡಿ ತಿಳಿಸಿದಾಗ ವೈದ್ಯೆ ಕ್ಷಮೆ ಕೇಳಿದರು, ಹುಣ್ಣಿನ ಫೋಟೋ ತರಿಸಿಕೊಂಡು ನೋಡಿ, ತಾನಾಗಿ ಮಾಯುತ್ತದೆ, ಖಾರ ಮತ್ತು ಬಿಸಿ ಬೇಡ ಎಂದರು. ಮುಂದಿನ ಭೇಟಿಯಲ್ಲಿ ಔಷಧ ಚೀಟಿಯ ಹಿಂಬದಿಯಲ್ಲಿ ತಮ್ಮ ಕೈಯಿಂದಲೇ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅತ್ತೆಯ ಕೈಗೆ ಕೊಟ್ಟರು. ಆ ಚೀಟಿ ಇವತ್ತಿಗೂ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ಆದರೆ ಮುದ್ರಿತ ಕಾಗದ, ಒಪ್ಪಿಗೆ ಪತ್ರ, ಮೊಬೈಲಿಗೆ ಬರುವ ಜ್ಞಾಪನೆ, ಯಾವುದೂ ಕನ್ನಡಕ್ಕೆ ಬಂದಿಲ್ಲ. ಎರಡು ಬಾರಿ ಕೇಳಿದ್ದೇನೆ, ಎರಡು ಬಾರಿಯೂ "ಮಾಡಿಸ್ತಾ ಇದ್ದೀವಿ ಮೇಡಂ" ಎಂಬ ಉತ್ತರ ಸಿಕ್ಕಿದೆ. ಕನ್ನಡದಲ್ಲಿ ಹಲ್ಲೆಣಿಸುವ ವೈದ್ಯೆ ಇರುವ ಜಾಗದಲ್ಲಿ, ಒಂದು ಪುಟವನ್ನು ಕನ್ನಡಿಸಲು 14 ತಿಂಗಳು ಸಾಲದೆಂದರೆ ಅದು ಕಷ್ಟದ ಮಾತಲ್ಲ, ಅಸಡ್ಡೆಯ ಮಾತು.

ಉಳಿದ ಕೊರತೆಗಳು ಸಣ್ಣವು. ಹೇಳಿದ ಸಮಯಕ್ಕಿಂತ ಮುಕ್ಕಾಲು ಗಂಟೆ ಕಾಯಿಸುವುದು ವಾಡಿಕೆ. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಸಿಕ್ಕಿಬಿದ್ದರೆ ಯಾವ ಜಾರುಬಂಡೆಯೂ ಮಗುವನ್ನು ಸಮಾಧಾನಪಡಿಸಲಾರದು, ಆದ್ದರಿಂದ ಬೆಳಗಿನ ಮೊದಲ ಸಮಯವನ್ನೇ ಕೇಳಿ ಪಡೆಯಿರಿ. ದರಪಟ್ಟಿಯನ್ನು ಎಲ್ಲೂ ತೂಗುಹಾಕಿಲ್ಲ. ಸ್ವಾಗತದ ಮೇಜಿನವರು ಹಲ್ಲಿನ ಬಣ್ಣದ ಜಿರ್ಕೋನಿಯಾ ಟೋಪಿಯ ಬೆಲೆಯನ್ನೇ ಮೊದಲು ಹೇಳುತ್ತಾರೆ. ಉಕ್ಕಿನದೂ ಇದೆ, ಹಿಂದಿನ ಹಲ್ಲಿಗೆ ಅದೇ ಗಟ್ಟಿ ಎಂಬುದನ್ನು ವೈದ್ಯೆಯಿಂದಲೇ ಕೇಳಿ ತಿಳಿಯಬೇಕಾಯಿತು. ನಮಗೆ ರೂಟ್ ಕೆನಾಲ್ ಮತ್ತು ಉಕ್ಕಿನ ಟೋಪಿ ಸೇರಿ 7,500 ರೂಪಾಯಿ ಆಯಿತು, ಪ್ರತಿ ಭೇಟಿಯ ಶುಲ್ಕ 500. ವರ್ಷದ ಪ್ಯಾಕೇಜು ಎಂಬುದೊಂದನ್ನು ಪ್ರತಿ ಸಲವೂ ಮುಂದಿಡುತ್ತಾರೆ, ನಾವು ತೆಗೆದುಕೊಂಡಿಲ್ಲ. ಹೊಸ ರೋಡ್ ಕಡೆಯಿಂದ ಬರುವ ನಮಗೆ 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ ಸಿಲ್ಕ್ ಬೋರ್ಡಿನ ವಾಹನ ದಟ್ಟಣೆ ತಪ್ಪಿದೆ, ಆರ್.ವಿ. ರಸ್ತೆ ನಿಲ್ದಾಣದಿಂದ ಆಟೋದಲ್ಲಿ ಸ್ವಲ್ಪವೇ ದೂರ.

ಮನೆಯಲ್ಲಿ ಆದ ಬದಲಾವಣೆಯನ್ನೂ ಹೇಳಬೇಕು, ಏಕೆಂದರೆ ಕೊಟ್ಟ ಹಣದ ಬಹುಪಾಲು ಸಾರ್ಥಕವಾದದ್ದು ಅಲ್ಲಿ. ರಾತ್ರಿ ಬಾಟಲಿ ಬಿಡಿಸಲು ಮೂರು ವಾರ ಹಿಡಿಯಿತು. ಹಾಲನ್ನು ಊಟದ ಜೊತೆ ಲೋಟದಲ್ಲಿ ಕೊಟ್ಟು, ಆಮೇಲೆ ಹಲ್ಲುಜ್ಜಿ, ಅದರ ನಂತರ ನೀರು ಮಾತ್ರ ಎಂಬ ನಿಯಮವನ್ನು ಮಾಡಿದವರೂ ಅತ್ತೆ, ಕಾಪಾಡಿದವರೂ ಅತ್ತೆ. ಏಳೆಂಟು ವರ್ಷದವರೆಗೆ ಮಗು ತಾನಾಗಿ ಉಜ್ಜಿದ್ದು ಲೆಕ್ಕಕ್ಕಿಲ್ಲ, ದೊಡ್ಡವರು ಇನ್ನೊಮ್ಮೆ ಉಜ್ಜಲೇಬೇಕು ಎಂದು ವೈದ್ಯೆ ಹೇಳಿದ್ದರು. ಅದಕ್ಕಾಗಿ ಮಗಳು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಾಳೆ, ಎಣ್ಣೆ ಸ್ನಾನದ ದಿನ ಮಲಗುವ ಹಾಗೆಯೇ. ಮೇಲಿನಿಂದ ಬಾಯಿಯ ಮೂಲೆ ಮೂಲೆಯೂ ಕಾಣುತ್ತದೆ. ಉಜ್ಜಿದ ಮೇಲೆ ಉಗುಳಿದರೆ ಸಾಕು, ಲೋಟಗಟ್ಟಲೆ ನೀರು ಹಾಕಿ ಮುಕ್ಕಳಿಸಿದರೆ ಹಚ್ಚಿದ ಫ್ಲೋರೈಡೂ ತೊಳೆದುಹೋಗುತ್ತದೆ ಎಂಬುದು ನನಗೇ ಹೊಸದು. ಪೇಸ್ಟ್ ಕೊಳ್ಳುವಾಗ ಟ್ಯೂಬಿನ ಹಿಂಬದಿ ನೋಡುವುದನ್ನೂ ಕಲಿತೆ. ನಮ್ಮ ದೇಶದ ಪ್ರಸಾಧನ ನಿಯಮಗಳ ಪ್ರಕಾರ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ, ಎಷ್ಟಿದೆ ಎಂಬುದನ್ನು ಟ್ಯೂಬಿನ ಮೇಲೂ ಪೆಟ್ಟಿಗೆಯ ಮೇಲೂ ಮುದ್ರಿಸಲೇಬೇಕು. ಸ್ಟ್ರಾಬೆರಿ ಚಿತ್ರದ, ಮಕ್ಕಳಿಗಾಗಿಯೇ ಎಂದು ಮಾರುವ ಟ್ಯೂಬುಗಳಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲದವೂ ಇವೆ, ಆ 1000ದ ಅರ್ಧ ಪ್ರಮಾಣದವೂ ಇವೆ, ಪೂರ್ತಿ ಇರುವವೂ ಇವೆ. ಮುಂಬದಿಯ ಚಿತ್ರ ನೋಡಿದರೆ ಯಾವುದೂ ಗೊತ್ತಾಗುವುದಿಲ್ಲ.

ಐದನೆಯ ಭೇಟಿಗೆ 11 ತಿಂಗಳ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಮೊದಲ ಹಲ್ಲು ಮೂಡಿದ ಮೇಲೆ, ವರ್ಷ ತುಂಬುವುದರೊಳಗೆ ಒಮ್ಮೆ ತೋರಿಸಬೇಕೆಂದು ಅವರೇ ಹೇಳಿದ್ದರು. ನಾನೂ ವೈದ್ಯೆಯೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರು ಬದುರು ಕುಳಿತೆವು. ಮಗು ನನ್ನ ಸೊಂಟದ ಎರಡೂ ಕಡೆ ಕಾಲು ಹಾಕಿ ಕುಳಿತು, ಹಿಂದಕ್ಕೆ ಅವರ ತೊಡೆಯ ಮೇಲೆ ಒರಗಿತು. ನನ್ನ ಮುಖ ಕಾಣುತ್ತಲೇ ಇದ್ದುದರಿಂದ ಅತ್ತದ್ದು ಅರ್ಧ ನಿಮಿಷ. ನೋಡಿದ್ದು ನಾಲ್ಕು ಹಲ್ಲು, ಹೇಳಿದ್ದು ಮೆತ್ತನೆಯ ಬ್ರಷ್ಷು, ಅಕ್ಕಿಕಾಳು ಪೇಸ್ಟು, ರಾಗಿ ಸರಿಗೆ ಬೆಲ್ಲ ಬೇಡ. ಕೊನೆಯದಕ್ಕೆ ಮಾತ್ರ ಅತ್ತೆ ಇನ್ನೂ ಒಪ್ಪಿಲ್ಲ. ಆ ಚರ್ಚೆ ಮನೆಯಲ್ಲಿ ನಡೆಯುತ್ತಲೇ ಇದೆ.

ಇಷ್ಟು ಹಣ ಕೊಡಲಾಗದವರಿಗೆ ವಿಕ್ಟೋರಿಯಾ ಆಸ್ಪತ್ರೆಗೆ ಹೊಂದಿಕೊಂಡಿರುವ ಸರ್ಕಾರಿ ದಂತ ಕಾಲೇಜು ಇದೆ. ನಗರದ ಖಾಸಗಿ ದಂತ ಕಾಲೇಜುಗಳಲ್ಲೂ ಮಕ್ಕಳ ವಿಭಾಗವಿದೆ. ಅಲ್ಲಿ ಖರ್ಚು ಕಡಿಮೆ, ಸರದಿ ಉದ್ದ. ಈ ಚಿಕಿತ್ಸಾಲಯಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ನಾಲ್ಕೂ ಅಂಕಗಳು ವೈದ್ಯೆಗೆ, ಕಳೆದ ಒಂದು ಆ ನುಣುಪು ಕಾಗದಕ್ಕೆ. ಮಗಳಿಗೆ ಈಗ ಐದು ವರ್ಷ ಎರಡು ತಿಂಗಳು. ಆರರ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆ ಹಲ್ಲು ಸದ್ದಿಲ್ಲದೆ ಮೂಡುತ್ತದೆ, ಅದನ್ನೂ ಹಾಲುಹಲ್ಲೆಂದು ಕಡೆಗಣಿಸಬೇಡಿ ಎಂದು ಕಳೆದ ಸಲ ಹೇಳಿಕಳಿಸಿದ್ದಾರೆ. ಅತ್ತೆ ದಿನವೂ ರಾತ್ರಿ ಉಜ್ಜಿಸುವಾಗ ಟಾರ್ಚು ಹಾಕಿ ಹಿಂದಿನ ವಸಡನ್ನು ನೋಡುತ್ತಿದ್ದಾರೆ. ಮುಂದಿನ ಭೇಟಿ ಮಾರ್ಚಿನಲ್ಲಿದೆ. ಕನ್ನಡದ ಕಾಗದವನ್ನು ಮೂರನೆಯ ಬಾರಿಗೆ ಅತ್ತೆಯೇ ಕೇಳುತ್ತಾರಂತೆ.